ಚಾಪೆಯ ಋಣ

ಶಿಡ್ಲಘಟ್ಟದಲ್ಲಿ, ಗೂಡಿನ ಮಾರ್ಕೆಟ್ಟಿನ ಹಿಂದೆ
ಚಾರಿಯವರ ರೇಡಿಯೋ ರಿಪೇರಿ ಅಂಗಡಿ.
ಗುರುವಾರ ರಾತ್ರಿ ಎಂಟಕ್ಕೆ ಶಟರು ಅರ್ಧ ಇಳಿದರೆ
ಕೂಟ ಸೇರಿದೆ ಎಂದರ್ಥ.
ಬಗ್ಗಿ ಒಳಗೆ ಹೋಗಬೇಕು. ಎಲ್ಲರೂ ಬಗ್ಗಲೇಬೇಕು,
ಹೈಸ್ಕೂಲಿನ ಹೆಡ್‌ಮಾಸ್ಟರೂ.

ನಾನು ಎರಡು ವರ್ಷ ಬಗ್ಗಲಿಲ್ಲ.
ಎದುರಿನ ಕಟ್ಟೆಯ ಮೇಲೆ, ಬಸ್ಸಿಗೆ ಕಾಯುವವಳ ಹಾಗೆ
ಚೀಲ ತೊಡೆಯ ಮೇಲಿಟ್ಟು ಕೇಳಿದೆ.
ಆ ಹೊತ್ತಿಗೆ ಬಸ್ಸಿಲ್ಲ ಅಂತ ಊರಿಗೆಲ್ಲ ಗೊತ್ತು.

ಮೈಯೆಲ್ಲ ಬೆಂದ ಹುಳದ ವಾಸನೆ ನನ್ನದು.
ಇಪ್ಪತ್ತಾರು ವರ್ಷ ಕುದಿನೀರಿನಲ್ಲಿ
ಗೂಡಿನ ಎಳೆಯ ತುದಿ ಹುಡುಕಿದ ಬೆರಳು;
ಕಾಫಿ ಲೋಟ ಸುಡುತ್ತದೋ ಇಲ್ಲವೋ
ತುಟಿಗೆ ತಾಗಿದ ಮೇಲೇ ಗೊತ್ತಾಗುವುದು.
ಇಂಥವಳಿಗೆ ತೋಡಿ ಯಾಕೆ, ಭೈರವಿ ಯಾಕೆ?
ಇದನ್ನು ಯಾರೂ ಹೇಳಿದ್ದಲ್ಲ.
ನಾನೇ ಹೇಳಿಕೊಂಡದ್ದು.

ಒಂದು ಗುರುವಾರ ಕರೆಂಟು ಹೋಯಿತು.
ಹೊರಗೆ ಬಂದ ಇನಾಯತ್ ಸಾಬರು
ಬೀಡಿ ಹಚ್ಚುವ ಬೆಳಕಲ್ಲಿ ನನ್ನನ್ನು ಕಂಡು
"ಹಾಡು ನಿಂತೋಯ್ತು ಪಿಳ್ಳಮ್ಮೋರೆ,
ಆದ್ರೆ ಬೇಯಿಸಿದ ಕಡ್ಲೆಕಾಯಿದೆ, ಬನ್ನಿ" ಅಂದರು.
ಅಷ್ಟೇ. ನನ್ನ ಪ್ರವೇಶ ಪರೀಕ್ಷೆ.

ಒಳಗೆ ಒಂದು ಈಚಲ ಚಾಪೆ, ಏಳು ಜನ.
ಒಬ್ಬರು ಜರುಗಿದರು, ಅವರನ್ನು ನೋಡಿ ಇನ್ನೊಬ್ಬರು,
ಜರುಗಿ ಜರುಗಿ, ತುದಿಯಲ್ಲಿದ್ದ ಟೈಲರ್ ವೆಂಕಟರವಣಪ್ಪ
ಬರೀ ನೆಲಕ್ಕೆ ಬಂದಿದ್ದರು.

ಅವರ ಜಗಳ ಕೇಳಬೇಕು ನೀವು!
ಚಾರಿಯವರಿಗೆ ನಾಗಸ್ವರ ಬಿಟ್ಟರೆ ಮಿಕ್ಕದ್ದೆಲ್ಲ ಬರೀ ಗಾಳಿ.
ಕೈ ತಟ್ಟದೆ ಕೇಳಿದ್ದು ಕೇಳಿದ್ದೇ ಅಲ್ಲ, ಸಾಬರ ಪ್ರಕಾರ.
ನರ್ಸ್ ಎಸ್ತರಮ್ಮನಿಗೆ ವೀಣೆಯ ತಂತಿ ಮೀಟಿದ ಮೇಲೆ
ಆ ಸದ್ದು ಸಾಯುವ ತನಕ ಯಾರೂ ಉಸಿರಾಡಕೂಡದು.
"ಮೊದ್ಲು ತಮಟೆ ಕಾಸಿ, ಆಮೇಲೆ ಮಾತಾಡಿ"
ಅನ್ನುತ್ತಾನೆ ಮುನಿಶಾಮಿ.
ಒಂದು ಕ್ಯಾಸೆಟ್ಟಿಗಾಗಿ ಮೂರು ವಾರ ಮಾತು ಬಿಟ್ಟವರೂ
ಗುರುವಾರ ಬಗ್ಗಿ ಒಳಗೆ ಬರುತ್ತಾರೆ,
ಮುಖ ಆ ಕಡೆ ತಿರುಗಿಸಿಕೊಂಡು.

ನಾನು ತಂದದ್ದು ಎರಡೇ ಸಾಲು.
ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತ
ಅಜ್ಜಿ ತೆಲುಗಿನಲ್ಲಿ ಗುನುಗುತ್ತಿದ್ದದ್ದು.
ಮಿಕ್ಕದ್ದನ್ನು ಅವಳೇ ತೆಗೆದುಕೊಂಡು ಹೋದಳು.
ಒಂದು ದಿನ ನಾಚಿಕೆ ಬಿಟ್ಟು ಅಂದೇಬಿಟ್ಟೆ,
ಕೊನೆಗೆ ಗಂಟಲು ಜಾರಿತು.
ಯಾರೂ ನಗಲಿಲ್ಲ.
"ಇನ್ನೊಂದ್ಸಲ," ಅಂದರು ಎಸ್ತರಮ್ಮ, ಕಣ್ಣು ಮುಚ್ಚಿ.

ಅಲ್ಲಿಂದ ಹುಡುಕಾಟ.
ಚಾರಿಯವರು ಪೆನ್ಸಿಲು ತೂರಿಸಿ ತಿರುಗಿಸಿ
ನಲವತ್ತು ಕ್ಯಾಸೆಟ್ಟು ಜಾಲಾಡಿದರು.
ಮುರುಗಮಲ್ಲದ ಉರುಸಿಗೆ ಹೋದ ಸಾಬರು
ಸಿಕ್ಕ ಸಿಕ್ಕ ಮುದುಕರ ಮುಂದೆ ಹಾಡಿ ಬಂದರು,
ಅಜ್ಜಿಯ ತೆಲುಗಿಗೆ ಉರ್ದುವಿನ ಅಂಗಿ ತೊಡಿಸಿ.
ಮದನಪಲ್ಲಿಯ ಸೋದರತ್ತೆಗೆ ಟೈಲರು ಕಾರ್ಡು ಬರೆದರು.
ಹೆರಿಗೆ ವಾರ್ಡಿನ ಹೊರಗೆ ಫ್ಲಾಸ್ಕು ಹಿಡಿದು ಕೂತ
ಅಜ್ಜಿಯರನ್ನೆಲ್ಲ ಎಸ್ತರಮ್ಮ ವಿಚಾರಿಸಿದರು.

ಸಿಗಲಿಲ್ಲ.

ಮೊನ್ನೆ ಸಂತೆಯಿಂದ ಬರುವಾಗ
ಟೈಲರ್ ಅಂಗಡಿ ಮುಂದೆ ಹಾದೆ.
ಹೊಲಿಗೆ ಮಷಿನ್ನಿನ ಪೆಡಲಿಗೆ ಸರಿಯಾಗಿ
ವೆಂಕಟರವಣಪ್ಪನ ಬಾಯಲ್ಲಿ ಅಜ್ಜಿ ಇದ್ದಳು.
ಎರಡನೇ ಸಾಲಿನ ಕೊನೆಗೆ ನಾನು ಜಾರುವ ಜಾಗ,
ಅಲ್ಲಿ ಅವರೂ ಜಾರಿದರು. ನನ್ನ ಹಾಗೆಯೇ.
ಸೊಪ್ಪಿನ ಕಟ್ಟು ಹಿಡಿದು ನಿಂತೇ ಇದ್ದೆ,
ಹಸು ಒಂದು ಬಂದು ಬಾಯಿ ಹಾಕುವ ತನಕ.

ಉಪಕಾರ ಆಯಿತು ಅಂತ ಬಾಯಿಬಿಟ್ಟು ಹೇಳುವುದು
ನಮ್ಮ ಮನೆಯಲ್ಲಿ ರೂಢಿಯಿಲ್ಲ.
ಹೊಸ ಚಾಪೆ ಕೊಂಡೆ, ಹಳೆಯದಕ್ಕಿಂತ ಒಂದು ಮೊಳ ಉದ್ದ.
ಗುರುವಾರ ಶಟರಿನ ಕೆಳಗೆ ಅದನ್ನು ಮೊದಲು ತಳ್ಳಿ
ಆಮೇಲೆ ನಾನು ಬಗ್ಗಿದೆ.
ಹಾಸಿದ ಮೇಲೆ ತುದಿಯಲ್ಲಿ ಒಬ್ಬರಿಗೆ ಜಾಗ ಮಿಕ್ಕಿತು.
"ಬನ್ನಿ ಟೈಲರೇ, ಮೇಲೆ ಕೂತ್ಕೊಳ್ಳಿ."
ಅವರು ನೆಲದಿಂದ ಏಳಲಿಲ್ಲ.
"ಇರ್ಲಿ ಬಿಡಿ ಪಿಳ್ಳಮ್ಮ," ಅಂದರು,
"ಕಟ್ಟೆ ಮೇಲೆ ಯಾರೋ ಕೂತಂಗಿತ್ತು."