ಕತ್ತೆಗೂ ಒಂದು ದಿನ

ಬಿಡುಗಡೆ ಪತ್ರದಲ್ಲಿ ಅವ್ವನ ಹೆಸರು ತಪ್ಪಿತ್ತು.
ಎಸ್ತೇರಮ್ಮ ಹೋಗಿ ಇಸ್ತ್ರಮ್ಮ ಆಗಿದ್ದಳು.
ತಿದ್ದಿಸಬೇಕಾದರೆ ಮತ್ತೆ ಲಿಂಗಸುಗೂರಿಗೆ ಬಾ ಎಂದ ಗುಮಾಸ್ತ.
ಇರಲಿ ಬಿಡ್ರಿ, ಅಂದಳು ಅವ್ವ,
ಅಚ್ಚಿನಾಗ ತಪ್ಪು ಬಂದರೂ ಇಟ್ಟಿಗಿ ಇಟ್ಟಿಗೀನ.

ಸಿಂಧನೂರಿನಾಚೆ, ಹೊಳೆದಂಡೆಯ ಆ ಭಟ್ಟಿಯಲ್ಲಿ
ಮೂರು ಬೇಸಿಗೆ ಕಳೆದೆವು ನಾವು.
ಮುಂಗಡ ಹದಿನೆಂಟು ಸಾವಿರ.
ಅದು ಕರಗಲಿಲ್ಲ; ಹಸಿ ಮಣ್ಣಿನ ಹಾಗೆ
ಬಿಸಿಲಿಗೆ ಒಣಗಿ ಗಟ್ಟಿಯಾಯಿತು.

ಭಾನುವಾರ ಸಂಜೆ ಉಪದೇಶಿ ದಾನಿಯೇಲಪ್ಪನವರು
ಮೊಪೆಡ್ಡಿನಲ್ಲಿ ಬಂದು, ಭಟ್ಟಿಯ ಬಿಸಿಗೆ ಬೆನ್ನು ಕೊಟ್ಟು ಕೂತು
ಐಗುಪ್ತದ ಕತೆ ಓದುತ್ತಿದ್ದರು.
ಹುಲ್ಲು ಕೊಡುವುದಿಲ್ಲ, ನೀವೇ ಹುಡುಕಿ ತನ್ನಿ,
ಇಟ್ಟಿಗೆ ಮಾತ್ರ ಒಂದೂ ಕಡಿಮೆಯಾಗಕೂಡದು
ಅಂದ ಅರಸನ ಸುದ್ದಿ ಬಂದಾಗ
ಅವ್ವ ತಡೆದಳು:
ಹುಲ್ಲಲ್ರೀ ಅಯ್ಯನೋರ, ಭತ್ತದ ಹೊಟ್ಟು.
ನಮ್ಮ ಧಣಿ ಹೊಟ್ಟಿನ ರೊಕ್ಕಾನೂ ನಮ್ಮ ಲೆಕ್ಕಕ್ಕs ಬರೀತಾನ.
ಉಪದೇಶಿ ಕನ್ನಡಕ ತೆಗೆದರು.
ಅವತ್ತು ಮುಂದೆ ಓದಲಿಲ್ಲ.

ಮೋಕ್ಷ ಅನ್ನುವ ಮಾತು ಶಾಲೆಯಲ್ಲಿ ಕೇಳಿದ್ದೆ:
ಮತ್ತೆ ಹುಟ್ಟದಿರುವುದು, ಹನಿ ಕಡಲಲ್ಲಿ ಕರಗುವುದು.
ಈ ಜನರ ದೇವರು ಅಷ್ಟು ಮೇಲಿನ ಮಾತಾಡಲಿಲ್ಲ.
ಕೆಳಗೆ ಬಗ್ಗಿದ, ಅಚ್ಚು ಎಣಿಸಿದ,
ಬೆನ್ನ ಮೇಲಿನ ಬಾಸುಂಡೆ ನೋಡಿದ,
ಮಾತು ತೊದಲುವವನೊಬ್ಬನನ್ನು ಹಿಡಿದು
ಹೋಗಿ ಹೇಳು, ಬಿಡಲಿ ಎಂದ.
ಯಾರನ್ನು, ಯಾರ ಕೈಯಿಂದ, ಯಾವ ಊರಿನಿಂದ:
ಅವರ ಬಿಡುಗಡೆಗೆ ವಿಳಾಸವಿತ್ತು.

ನಮ್ಮದಕ್ಕೆ ಜೀಪು ಬಂತು. ಕಡಲೇನೂ ಸೀಳಲಿಲ್ಲ;
ಹೊಳೆಯಲ್ಲಿ ಆಗ ಮೊಣಕಾಲುದ್ದ ನೀರೂ ಇರಲಿಲ್ಲ.
ಹನ್ನೊಂದು ಕುಟುಂಬ, ಕಪ್ಪು ಪಾತ್ರೆಗಳು, ಒಂದು ಮೇಕೆ.
ಮೂರನೆಯ ದಿನ ಹಾಸ್ಟೆಲಿನ ಹಾಲಿನಲ್ಲಿ
ತಿಳಿಸಾರು ಉಂಡು ಸೀಮೋನ ಮಾಮ ಗೊಣಗಿದ:
ಅಲ್ಲಿ ಉಳ್ಳಾಗಡ್ಡಿಗಾದರೂ ಬರ ಇರಲಿಲ್ಲ.
ಎಲ್ಲರೂ ನಕ್ಕೆವು. ಉಪದೇಶಿ ನಗಲಿಲ್ಲ.
ಆ ಜನರೂ ಮರಳುಗಾಡಿನಲ್ಲಿ ಕೂತು
ಇದೇ ಉಳ್ಳಾಗಡ್ಡಿಗೆ ಅತ್ತಿದ್ದರಂತೆ.

ಮಾಮ ಹೋದ. ಬೇರೆ ಭಟ್ಟಿ, ಬೇರೆ ಮುಂಗಡ.
ಆ ಪುಸ್ತಕದಲ್ಲಿ ಇದಕ್ಕೂ ಒಂದು ಕಾನೂನಿದೆ:
ಏಳನೆಯ ವರ್ಷ ಬಿಟ್ಟರೂ ಹೋಗಲೊಲ್ಲದ ಆಳನ್ನು
ಬಾಗಿಲ ಚೌಕಟ್ಟಿಗೆ ಆನಿಸಿ
ದಬ್ಬಣದಿಂದ ಕಿವಿ ಚುಚ್ಚಬೇಕು.
ಕೇಳಿದ ಅವ್ವ, ತನ್ನ ಓಲೆ ಒತ್ತೆ ಹೋದ ಕಿವಿ ಮುಟ್ಟಿಕೊಂಡಳು,
ತೂತು ಮುಚ್ಚದಿರಲೆಂದು
ಪೊರಕೆಕಡ್ಡಿ ಸಿಕ್ಕಿಸಿದ್ದಳು ಅಲ್ಲಿ.

ಬಿಟ್ಟ ಮೇಲೆಯೇ ಶುರು ಅವರ ಪಾಠ:
ಆಳಾಗಿದ್ದೆ ನೀನೂ, ಮರೆಯಬೇಡ;
ಹೊಲ ಕೊಯ್ಯುವಾಗ ಅಂಚು ಬಿಡು,
ಬಿದ್ದ ತೆನೆಗೆ ಬಗ್ಗಬೇಡ.
ಅದಕ್ಕೆ ಹಕ್ಕಲು ಅನ್ನುತ್ತೇವೆ ನಾವು.
ಹಕ್ಕಲಿನೊಳಗೆ ಹಕ್ಕು ಇರುವುದನ್ನು ನಾನು ಕಂಡದ್ದು
ಎಡದಂಡೆ ಕಾಲುವೆಯ ಗದ್ದೆಯಲ್ಲಿ,
ಯಂತ್ರ ಕೊಯ್ದು ಹೋದ ಮೇಲೆ,
ಅವ್ವ ಮಡಿಲು ತುಂಬಿಕೊಳ್ಳುತ್ತಿದ್ದಾಗ,
ಬದುವಿನಿಂದ ಯಾರೋ ಕೂಗಿ ಬೈಯುವ ತನಕ.

ಪರಿಹಾರದ ಮೊದಲ ಕಂತಿನಲ್ಲಿ ಅವಳು ಕೊಂಡದ್ದು
ಅದೇ ಭಟ್ಟಿಯ ಒಂದು ಮುದಿ ಕತ್ತೆ.
ಓಣಿಯೆಲ್ಲ ನಕ್ಕಿತು.
ವಾರವಿಡೀ ಮಣ್ಣು ಹೊರುತ್ತದೆ. ಏಳನೆಯ ದಿನ
ಆಳಿಗೂ ಎತ್ತಿಗೂ ಕತ್ತೆಗೂ ಬಿಡುವು ಎಂದು ಬರೆದಿದೆಯಲ್ಲ,
ಭಾನುವಾರ ಅದರ ಕಾಲಿನ ಹಗ್ಗ ಬಿಚ್ಚುತ್ತಾಳೆ.
ಅದು ನೇರ ಹೊಳೆದಂಡೆಗೆ ನಡೆದು
ಭಟ್ಟಿಯ ಮುಂದೆ, ಹೊರೆ ಹೇರುವ ಜಾಗದಲ್ಲಿ
ತಲೆ ತಗ್ಗಿಸಿ ನಿಲ್ಲುತ್ತದೆ.

ಅವ್ವ ಹಿಂದೆಯೇ ಹೋಗುತ್ತಾಳೆ. ಬೈಯುವುದಿಲ್ಲ.
ಕಿವಿ ಹಿಡಿದು ಮೆಲ್ಲಗೆ
ಅದರ ಮೋರೆ ಈ ಕಡೆಗೆ ತಿರುಗಿಸುತ್ತಾಳೆ.
ಎರಡು ವರ್ಷವಾಯಿತು,
ಪ್ರತಿ ಭಾನುವಾರ.