ತೊಂಬತ್ತಾರು ಗುಳಿಯ ಮಣೆ

ಪರೇಲಿನ ಈ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಊರವರ ಉಚ್ಚೆ ಓದುತ್ತಿದ್ದೇನೆ.
ಮದುವೆ ಮಾತುಕತೆಯಲ್ಲಿ ಅಮ್ಮ ಇದನ್ನು
‘ಲ್ಯಾಬಿನಲ್ಲಿ ಕೆಲಸ’ ಅಂತಷ್ಟೇ ಹೇಳಿದ್ದಳು.

ಇವತ್ತಿನ ಡಬ್ಬಿ ಗುರುಬಾಯಿಯದು,
ಗೇಟಿನೆದುರು ಮೆಂತ್ಯ, ಸಬ್ಬಸಿಗೆ ಮಾರುವವಳು,
ಇಂಡಿ ಕಡೆಯವಳು.
ಚೀಟಿಯಲ್ಲಿ ವಯಸ್ಸು ನಲವತ್ತು, ಅಂದಾಜು.
ಆರು ತಿಂಗಳಲ್ಲಿ ಇದು ನಾಲ್ಕನೇ ಸಲ.

ಗಂಜಿಬಣ್ಣದ ತಟ್ಟೆಯಲ್ಲಿ ರಾತ್ರಿಯೆಲ್ಲ ಬೆಳೆದ ಹಾಸು,
ಅದರ ಮೇಲೆ ಔಷಧಿಯ ಬಿಲ್ಲೆಗಳು, ಹನ್ನೆರಡು.
ಔಷಧಿ ಗೆದ್ದರೆ ಬಿಲ್ಲೆಯ ಸುತ್ತ ಬಟ್ಟಬಯಲು,
ಸೋತರೆ ಅಂಚಿನವರೆಗೂ ಒತ್ತುವರಿ.
ಸ್ಕೇಲು ಹಿಡಿದು ಅಳೆಯುತ್ತೇನೆ.
ಇಲ್ಲ. ಇಲ್ಲ. ಇದೂ ಇಲ್ಲ.
ಹೋದ ವರ್ಷ ಕೆಲಸ ಮಾಡಿದ್ದೂ ಇಲ್ಲ.
ಹನ್ನೊಂದರ ಮುಂದೆ ಕೆಂಪು ಶಾಯಿ.
ಉಳಿದ ಒಂದು ನರಕ್ಕೆ ಚುಚ್ಚುವಂಥದು,
ಏಳು ದಿನ ವಾರ್ಡಿನಲ್ಲಿ ಮಲಗಬೇಕು.
ಸೊಪ್ಪು ಏಳು ದಿನ ಕಾಯುವುದಿಲ್ಲ.

ಒಳಕೋಣೆಯಲ್ಲಿ ಪಿಎಚ್‌ಡಿ ಹುಡುಗಿ ತೇಜಲ್ ಗಾವಡೆ
ಸಾವಂತವಾಡಿಯಿಂದ ಒಣಸಿಪ್ಪೆ ತಂದಿದ್ದಾಳೆ, ಚೀಲಗಟ್ಟಲೆ.
ಅವಳ ಬಾಯಲ್ಲಿ ಆಮಸೂಲು, ನನ್ನ ಬಾಯಲ್ಲಿ ಪುನರ್ಪುಳಿ,
ಸಾರು ಒಂದೇ.
ಆದರೆ ಅವಳಿಗೆ ಬೇಕಾದ್ದು ಕೆಂಪಲ್ಲ, ಹುಳಿಯಲ್ಲ,
ಸಿಪ್ಪೆಯೊಳಗೆ ಅಡಗಿ ಕೂತ ಹಳದಿ.

ಕೀಟಾಣುವಿಗೆ ಬಾಗಿಲುಗಳಿವೆಯಂತೆ,
ಔಷಧಿ ಒಳಬಂದ ಕ್ಷಣವೇ ಹೊರಗೆ ನೂಕುವ ಬಾಗಿಲು.
‘ವಿರಾರ್ ಫಾಸ್ಟಿನ ಥರ, ಮಾವ್ಶಿ,
ಬೋರಿವಲಿಯವರು ಹತ್ತಿದರೆ ಬಿಡ್ತಾರಾ?’
ಈ ಹಳದಿ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದಂತೆ.
ಕೊಲ್ಲುವುದಿಲ್ಲ. ಅಡ್ಡ ನಿಲ್ಲುತ್ತದೆ, ಅಷ್ಟೇ.
ಕೊಲ್ಲುವ ಕೆಲಸ ಹಳೆಯ ಔಷಧಿಯದೇ.

ಗುರುಬಾಯಿಯ ಕೀಟಾಣುವನ್ನೇ ಕೊಟ್ಟೆ,
ಹೆಸರು ಅಳಿಸಿ, ನಂಬರು ಬರೆದು.
ತೊಂಬತ್ತಾರು ಗುಳಿಯ ಪ್ಲಾಸ್ಟಿಕ್ ಮಣೆ.
ವಡಾಲದ ಚಾಳಿನಲ್ಲಿ, ಆಟಿ ತಿಂಗಳಲ್ಲಿ ಮಾತ್ರ
ಅಜ್ಜಿ ಅಟ್ಟದಿಂದ ಇಳಿಸುತ್ತಿದ್ದ ಚೆನ್ನೆಮಣೆ ನೆನಪಾಯಿತು,
ಯಾವ ಗುಳಿ ಬರಿದು, ಯಾವುದು ತುಂಬಿದೆ,
ಎಣಿಸುವ ಮೊದಲೇ ಅವಳ ಬೆರಳಿಗೆ ಗೊತ್ತು.

ಮರುದಿನ ಬೆಳಕಿಗೆ ಹಿಡಿದೆವು.
ಮಜ್ಜಿಗೆ, ಮಜ್ಜಿಗೆ, ಮಜ್ಜಿಗೆ,
ಆಮೇಲೆ ಒಂದು ಮೂಲೆಯಲ್ಲಿ
ಏಳು ಗುಳಿ ತಿಳಿನೀರು.
ಹೋದ ವರ್ಷ ಸತ್ತ ಔಷಧಿ ಅಲ್ಲಿ ಎದ್ದು ಕೂತಿತ್ತು.
ತೇಜಲ್ ಕುಣಿಯಲಿಲ್ಲ. ಇನ್ನೊಂದು ಸಲ ಮಾಡ್ತೇನೆ ಅಂದಳು.
ಮೂರು ಸಲ ಮಾಡಿದಳು.
ಅವಳ ಸರ್ ಕನ್ನಡಕ ಹಣೆಗೇರಿಸಿ ನೋಡಿ,
‘ಗುಳಿ ಬೇರೆ, ಮೈ ಬೇರೆ.
ಮೊದಲು ಇಲಿ, ಆಮೇಲೆ ಅನುದಾನ, ಆಮೇಲೆ ಮನುಷ್ಯರು.
ಹತ್ತು ವರ್ಷ ತಡೆದುಕೊಳ್ಳಿ.’

ಹನ್ನೆರಡನೇ ಬಿಲ್ಲೆಯ ಸುದ್ದಿ ಹೇಳಲು ಗೇಟಿಗೆ ಹೋದೆ.
‘ನಮ್ಮವ್ವ ನೆಗ್ಗಿನಮುಳ್ಳ ಕುದಿಸಿ ಕೊಡ್ತಿದ್ಲು.
ಇಲ್ಲಿ ಫುಟ್‌ಪಾತಿನ್ಯಾಗ ನೆಗ್ಗಿ ಎಲ್ಲಿ ಬೆಳೀತೈತಿ?’
ನೀರು ಎಷ್ಟು ಕುಡೀತೀ ಅಂದೆ. ನಕ್ಕಳು.
‘ಕುಡದ್ರ ಎಲ್ಲಿ ಹೋಗ್ಲೆವ್ವಾ?
ಪಾಯಖಾನಿ ಆ ಪೂಲಿನಾಚೆ, ಐದ ರೂಪಾಯಿ.
ತಿರುಗಿ ಬರೂದ್ರಾಗ ಮುನ್ಸಿಪಾಲ್ಟಿ ಗಾಡಿ ಬುಟ್ಟಿ ಒಯ್ತೈತಿ.
ಮುಂಜಾನಿ ನಾಕಕ್ಕ ಒಮ್ಮೆ, ಮಧ್ಯಾಹ್ನ ಮೂರಕ್ಕ ಒಮ್ಮೆ.
ನಡುವ ತಡಕೊಂಡ ಕುಂಡರತೀನಿ.’

ಹನ್ನೊಂದು ತಾಸು.
ಅಷ್ಟು ಹೊತ್ತಿನಲ್ಲಿ, ಅಂಥ ಬೆಚ್ಚನೆಯಲ್ಲಿ
ಏನೇನು ಬೆಳೆಯುತ್ತದೆ ಅಂತ
ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಸೋಮವಾರ ವಾರ್ಡಿಗೆ ಸೇರಿದಳು, ಬುಟ್ಟಿಯೆದುರು ತಂಗಿಯ ಮಗ ಕೂತ,
ಮೆಂತ್ಯವನ್ನು ಅರ್ಧ ಬೆಲೆಗೆ ಮಾರಿದ.
ಅವಳು ಹೊರಬಂದ ದಿನ
ನಮ್ಮ ಸ್ಟಾಫಿನ ಪಾಯಖಾನೆಯ ಎರಡನೇ ಬೀಗದಕೈ
ಸಬ್ಬಸಿಗೆ ಕಟ್ಟಿನೊಳಗೆ ತೂರಿಸಿ ಬಂದೆ.

ಪಾರಸನೀಸ್ ಮೇಡಂ ಇನ್ನೂ ಕೇಳುತ್ತಿದ್ದಾರೆ.
ಕಳೆದಿದೆ ಅಂದಿದ್ದೇನೆ. ತೇಜಲ್ ತಲೆಯೆತ್ತದೆ
ಹೌದು, ಕಳೆದಿದೆ ಅನ್ನುತ್ತಾಳೆ.
ದಿನಾ ಹನ್ನೊಂದಕ್ಕೆ ಕಾರಿಡಾರಿನಲ್ಲಿ
ಹಸಿಸೊಪ್ಪಿನ ವಾಸನೆ ಹಾದುಹೋಗುವಾಗ
ಮೇಡಂ ಕೋಣೆಯ ಬಾಗಿಲಿಗೆ ಅಡ್ಡ ನಿಂತು ನಾನು
ನನ್ನ ರಜೆ ಅರ್ಜಿಯ ಮಾತೆತ್ತುತ್ತೇನೆ.