ಗೋಡೆ ಸರಿಸಿದ ವರ್ಷ

ತಾನಾ ಸರೋವರದ ಮೇಲಣ ಗುಡ್ಡದಿಂದ ನೋಡಿದರೆ
ಎರಡು ಹಸಿರು ಬೊಟ್ಟು, ಅಷ್ಟೆ.
ಈಚೆಯದು ಮರ್ಯಮಳ ಇಗರ್ಜಿಯ ಕಾಡು,
ಆಚೆಯದು ಮಿಕಾಯೇಲನದು.
ನಡುವೆ ತೆಫ್ ಹೊಲ.
ರಾಗಿಯೇ ದಪ್ಪವೆನಿಸುವ ಕಾಳು,
ಕಣದಲ್ಲಿ ಸೀನಲೂ ಹೆದರುತ್ತೇವೆ.

ಗೋಡೆ ಕಟ್ಟಿದವನು ನಾನು.
ಹೊಲದ ಕಲ್ಲೆಲ್ಲ ಆರಿಸಿ, ಗಾರೆಯಿಲ್ಲದೆ, ಎದೆಮಟ್ಟ,
ದನ ಒಳಗೆ ಬರದಿರಲಿ ಅಂತ.
ಬರಲಿಲ್ಲ.
ಒಳಗಿನದೂ ಹೊರಗೆ ಬರಲಿಲ್ಲ.

ಮರ್ಯಮಳ ಕಾಡಲ್ಲಿ ಹನ್ನೊಂದು ಗುರೇಜಾ ಕೋತಿ,
ಹೆಗಲಿಂದ ಇಳಿಬಿದ್ದ ಬಿಳಿ ಶಾಲು,
ಹಬ್ಬದ ಪ್ರಾರ್ಥನೆಗೆ ಹೊರಟ ಹಿರಿಯರ ಗತ್ತು.
"ಎಲ್ಲ ಅಣ್ಣತಮ್ಮಂದಿರ ಮಕ್ಕಳೇ," ಅಂದರು ಅಬ್ಬಾ ಯಿತಾಯಲ್,
"ಹೆಣ್ಣು ಕೊಡಲು, ತರಲು ಬೇರೆ ಊರಿಲ್ಲ ಇವಕ್ಕೆ.
ನನ್ನಜ್ಜನ ಅಜ್ಜ ಈ ಕಾಡಿಂದ ಆ ಕಾಡಿಗೆ
ನೆತ್ತಿಗೆ ಬಿಸಿಲು ತಾಗದೆ ಹೋಗುತ್ತಿದ್ದನಂತೆ.
ನೀನು ಗೋಡೆ ಬಿಚ್ಚು."

ಕಟ್ಟಿದ ಕೈಗೆ ಬಿಚ್ಚುವುದು ಕಷ್ಟ.
ಒಂದೊಂದು ಕಲ್ಲಿಗೂ ತನ್ನ ಜಾಗ ನೆನಪಿರುತ್ತದೆ.

ನಡುವಿನ ಹೊಲದೊಡತಿ ಎನಾತ್ನೆಷ್.
ಗಂಡ ನೆಟ್ಟ ನೀಲಗಿರಿ ಸಾಲು,
ಅದರ ಬುಡದಲ್ಲೇ ಬತ್ತಿದ ಒರತೆ.
"ಎಷ್ಟು ಅಗಲ ಬೇಕು ನಿಮ್ಮ ಕೋತಿಗೆ?"
ಅಬ್ಬಾ ಕೈಚಾಚಿ ತೋರಿದರು. ಅವಳು ಅರ್ಧಕ್ಕಿಳಿಸಿದಳು.
ಮೂರು ಭಾನುವಾರ ಚೌಕಾಸಿ.
ಕೊನೆಗೆ, ಜೋಡೆತ್ತು ನೇಗಿಲು ಸಮೇತ
ನಾಲ್ಕು ಸಲ ತಿರುಗುವಷ್ಟು.
"ದೇವರಿಗಲ್ಲ," ಅಂದಳು, "ಒರತೆಗೆ."
ನೀಲಗಿರಿ ತಾನೇ ಕಡಿಸಿದಳು.
ಮತ್ತೆ ಚಿಗುರಿತು, ಮತ್ತೆ ಕಡಿಸಿದಳು.
"ಬದುಕಿದ್ದಾಗಲೂ ಹೀಗೇ ಇದ್ದ," ಎಂದು ಬೈದಳು.

ನೆಟ್ಟದ್ದು ನಾನೂರು. ಕಾಡು ಆಲಿವ್, ಜುನಿಪರ್, ಕೊಸ್ಸೊ.
ಹಳದಿ ಕ್ಯಾನಿನಲ್ಲಿ ನೀರು ಹೊತ್ತವರು ಇಗರ್ಜಿ ಶಾಲೆಯ ಹುಡುಗರು,
ಕೀರ್ತನೆ ಬಾಯಿಪಾಠ ಮಾಡುತ್ತ, ಅರ್ಧ ಚೆಲ್ಲುತ್ತ.
ಮೇಕೆಗೆ ಹೋದದ್ದೆಷ್ಟೋ, ಕೊರೆವ ಚಳಿಗೆಷ್ಟೋ.
ಉಳಿದದ್ದು ನೂರಹದಿನೇಳು. ಎಣಿಸಿದ್ದೇನೆ.
ನೂರಹದಿನೆಂಟನೆಯದು ನಾವು ನೆಟ್ಟದ್ದಲ್ಲ,
ಹಳೇ ಗೋಡೆಯ ಗೆರೆಯ ಮೇಲೆ
ಯಾವುದೋ ಹಕ್ಕಿಯ ಹಿಕ್ಕೆಯಿಂದ ಎದ್ದದ್ದು.

ಗೋಡೆ ಈಗ ಎರಡು ಕಾಡನ್ನೂ ಬಳಸಿ ಹೋಗಬೇಕು.
ಹಳೆಯ ಕಲ್ಲು ಸಾಲದು, ಇನ್ನೂ ಆರಿಸುತ್ತಿದ್ದೇನೆ.

ಏಳನೆಯ ವರ್ಷ ಇದು. ನಿನ್ನೆ ಬೆಳಿಗ್ಗೆ
ಮರ್ಯಮಳ ಕೊನೆಯ ಮರದಿಂದ ಮರಿಕೋತಿಯೊಂದು
ಮೊದಲ ಆಲಿವ್ ಗಿಡಕ್ಕೆ ಹಾರಿತು.
ಗಿಡ ನೆಲ ಮುಟ್ಟುವಂತೆ ಬಾಗಿತು, ಮುರಿಯಲಿಲ್ಲ.
ಕೋತಿ ಬೆದರಿ ಬಂದ ದಾರಿಯಲ್ಲೇ ಓಡಿತು.
ಬದುವಿನಿಂದ ಎನಾತ್ನೆಷ್ ಕೂಗಿದಳು:
"ಲೋ, ಬೀಗರ ಮನೆ ಆ ಕಡೆ!"

ನಾನು ಕಲ್ಲು ಕೆಳಗಿಟ್ಟು ನಕ್ಕೆ.
ಗಿಡ ಇನ್ನೂ ತೂಗುತ್ತಿತ್ತು.